ಒಣಗುತ್ತಾ? ಮಲೆನಾಡಿನ ಮಳೆಗೂ ಮಗುವಿಗೂ ಒಗ್ಗುವ ಬಟ್ಟೆ ಡೈಪರ್

ಮಲೆನಾಡಿನಲ್ಲಿ ಬಟ್ಟೆ ಡೈಪರ್ ಬಗ್ಗೆ ಮಾತು ತೆಗೆದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಒಣಗುತ್ತಾ? ಕೇಳುವುದರಲ್ಲಿ ತಪ್ಪಿಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಾಡಂಚಿನ ಊರುಗಳಲ್ಲಿ ಆರಿದ್ರಾ ಮಳೆ ಹಿಡಿದುಕೊಂಡರೆ ಆಶ್ಲೇಷ ಮುಗಿಯುವ ತನಕ ದೊಡ್ಡವರ ಒಂದು ಪಂಚೆ ಒಣಗಿಸುವುದೇ ಕಷ್ಟ. ಅಂಥದ್ದರಲ್ಲಿ ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುವ ಕೂಸಿನ ಬಟ್ಟೆಯ ಗತಿ ಏನು? ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆ ಮಳೆ ಇಷ್ಟಿಲ್ಲ ನಿಜ. ಆದರೂ ಜುಲೈನಲ್ಲಿ ಬಿಸಿಲು ಕಾಣದ ದಿನಗಳು ಅಲ್ಲೂ ಸಾಲಾಗಿ ಬರುತ್ತವೆ.

ಹಾಗಾಗಿ ಬಿಸಾಡುವ ಡೈಪರ್ ನಮ್ಮ ಕಡೆ ಬೇಗ ಮನೆಮಾತಾಯಿತು. ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಈಗ ಸಿಗುತ್ತದೆ. ಅದನ್ನು ಹಾಕುವ ತಾಯಂದಿರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಬಾಣಂತಿಗೆ ನಿದ್ದೆಯೇ ಇಲ್ಲದ ದಿನಗಳಲ್ಲಿ ಕೈಗೆ ಸಿಕ್ಕ ಸುಲಭವನ್ನು ಯಾರಾದರೂ ಹಿಡಿಯುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ಬಟ್ಟೆ ಡೈಪರ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬಿಸಿಲು ಧಾರಾಳವಾಗಿರುವ ಊರಿನವರಿಗೋ ಬಟ್ಟೆ ಒಣಗಿಸುವ ಯಂತ್ರ ಇಟ್ಟುಕೊಂಡವರಿಗೋ ಬರೆದದ್ದು. ಅವರು ಯಾವುದು ಜಾಸ್ತಿ ಹೀರುತ್ತದೆ ಎಂದು ನೋಡಿ ಆರಿಸುತ್ತಾರೆ. ನಾವು ಯಾವುದು ಬೇಗ ಒಣಗುತ್ತದೆ ಎಂದು ನೋಡಿ ಆರಿಸಬೇಕು. ಇದೊಂದನ್ನು ಹಿಡಿದುಕೊಂಡರೆ ಮಳೆಗಾಲದಲ್ಲೂ ಬಟ್ಟೆ ನಡೆಯುತ್ತದೆ.

ಮೊದಲು ಬಿಸಾಡುವ ಡೈಪರ್ ಒಳಗೆ ಏನಿದೆ ಎಂದು ನೋಡೋಣ. ಮೈಗೆ ತಾಗುವ ಮೇಲಿನ ತೆಳು ಪದರ ಬಟ್ಟೆಯಂತೆ ಕಂಡರೂ ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಹೊರಗಿನ ನೀರು ಸೋರದ ಪದರ ಪಾಲಿಥಿನ್. ನಡುವೆ ಮರದ ತಿರುಳಿನ ಹತ್ತಿಯಂಥ ನಾರು. ಅದರಲ್ಲಿ ಬೆರೆತಿರುವ ಸಕ್ಕರೆಯಂಥ ಹರಳುಗಳೇ ನಿಜವಾದ ಕೆಲಸ ಮಾಡುವುದು. ಅದರ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರಿ ಲೋಳೆಯಾಗುತ್ತದೆ. ಮೂತ್ರದಲ್ಲಿ ಉಪ್ಪಿನ ಅಂಶ ಇರುವುದರಿಂದ ಅಷ್ಟು ಹೀರುವುದಿಲ್ಲ. ಆದರೂ ಬಟ್ಟೆಗಿಂತ ಎಷ್ಟೋ ಪಾಲು ಜಾಸ್ತಿ, ಮತ್ತು ಒತ್ತಿದರೂ ವಾಪಸು ಬಿಡುವುದಿಲ್ಲ. ರಾತ್ರಿಯಿಡೀ ಮಗುವಿನ ಮೈ ಒಣಗಿರುವುದು ಇದರಿಂದಲೇ. ಪ್ಯಾಂಪರ್ಸ್ 1961ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಈ ಹರಳು ಇರಲಿಲ್ಲ. ಡೈಪರ್ ಒಳಗೆ ಅದು ಸೇರಿದ್ದು 1980ರ ದಶಕದಲ್ಲಿ. ಅಲ್ಲಿಂದಲೇ ಡೈಪರ್ ತೆಳ್ಳಗಾಯಿತು, ಹಗುರವಾಯಿತು.

ಈಗ ಲೆಕ್ಕ ಹಾಕಿ. ಎಳೆಗೂಸಿಗೆ ಜಾಸ್ತಿ, ಎರಡು ವರ್ಷದ ಮಗುವಿಗೆ ಕಡಿಮೆ. ಸರಾಸರಿ ದಿನಕ್ಕೆ ಐದು ಅಂತ ಹಿಡಿದರೆ ವರ್ಷಕ್ಕೆ 1,825. ಎರಡೂವರೆ ವರ್ಷಕ್ಕೆ 4,500 ದಾಟುತ್ತದೆ. ಒಂದಕ್ಕೆ ಹತ್ತು ರೂಪಾಯಿ ಅಂದುಕೊಂಡರೂ 45,000 ರೂಪಾಯಿ. ದುಡ್ಡು ಹೇಗೋ ಹೊಂದಿಸಬಹುದು. ಆ ನಾಲ್ಕೂವರೆ ಸಾವಿರ ಒದ್ದೆ ಮುದ್ದೆಗಳು ಹೋಗುವುದೆಲ್ಲಿಗೆ?

ಪೇಟೆಯಲ್ಲಾದರೆ ಪಾಲಿಕೆಯ ಕಸದ ಗಾಡಿ ಬರುತ್ತದೆ. ಹಳ್ಳಿಯಲ್ಲಿ ಪಂಚಾಯಿತಿಯ ಸ್ವಚ್ಛ ವಾಹಿನಿ ರಸ್ತೆಯವರೆಗೆ ಬರಬಹುದು. ಆದರೆ ಮಲೆನಾಡಿನ ಮನೆಗಳು ಸಾಲಾಗಿ ಇರುವುದಿಲ್ಲ. ತೋಟದ ತಲೆಯಲ್ಲಿ ಒಂದು, ಗುಡ್ಡದಾಚೆ ಇನ್ನೊಂದು. ಮಣ್ಣು ರಸ್ತೆ ಕೊಚ್ಚೆಯಾದ ಮೇಲೆ ಅಲ್ಲಿಗೆ ಯಾವ ಗಾಡಿಯೂ ಬರುವುದಿಲ್ಲ. ಆಗ ಡೈಪರ್ ಹೋಗುವುದು ಮೂರು ಕಡೆ: ಗೊಬ್ಬರದ ಗುಂಡಿ, ಬಚ್ಚಲು ಒಲೆ, ಇಲ್ಲವೇ ತೋಟದ ಕೆಳಗಿನ ಹಳ್ಳ.

ಗೊಬ್ಬರದ ಗುಂಡಿಯಲ್ಲಿ ಸಗಣಿ, ಸೊಪ್ಪು ಕೊಳೆಯುತ್ತವೆ, ಡೈಪರಿನ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಮುಂದಿನ ವರ್ಷ ಗೊಬ್ಬರದ ಜೊತೆ ಅದರ ಚೂರುಗಳು ಅಡಿಕೆ ಮರದ ಬುಡಕ್ಕೆ ಬೀಳುತ್ತವೆ. ಅಷ್ಟರೊಳಗೆ ನಾಯಿ ಎಳೆದಾಡದಿದ್ದರೆ ಪುಣ್ಯ. ಒಲೆಗೆ ಹಾಕಿದರೆ ಒದ್ದೆ ಡೈಪರ್ ಸರಿಯಾಗಿ ಉರಿಯುವುದಿಲ್ಲ. ಕಮಟು ಹೊಗೆ ಬಿಡುತ್ತಾ ಕರಗುತ್ತದೆ. ಪ್ಲಾಸ್ಟಿಕ್ಕಿನ ಆ ಹೊಗೆ ವಿಷ, ಅದೂ ಸ್ನಾನಕ್ಕೆ ಮಗುವನ್ನು ಕರೆದೊಯ್ಯುವ ಬಚ್ಚಲಲ್ಲೇ. ಇನ್ನು ಹಳ್ಳ. ತೀರ್ಥಹಳ್ಳಿ ಸುತ್ತಮುತ್ತಲಿನ ಹಳ್ಳಗಳು ತುಂಗೆಗೆ ಸೇರುತ್ತವೆ, ಶಿವಮೊಗ್ಗ ನಗರ ಕುಡಿಯುವುದು ತುಂಗೆಯ ನೀರನ್ನೇ. ಹಾಲು ಕುಡಿಯುವ ಕೂಸಿನ ಮಲದಲ್ಲೂ ರೋಗಾಣು ಇರುತ್ತದೆ. ಕೂಸಿನದ್ದಲ್ವಾ, ಏನಾಗಲ್ಲ ಅನ್ನುವ ಮಾತು ಸರಿಯಲ್ಲ.

ಗಾಡಿ ಬರುವ ಊರಲ್ಲೂ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಪಂಚಾಯಿತಿಯ ಕಸದ ಘಟಕವಾದ ಸ್ವಚ್ಛ ಸಂಕೀರ್ಣದಲ್ಲಿ ಒಣಕಸ ವಿಂಗಡಿಸುವವರು ಹೆಚ್ಚಾಗಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಹಾಲಿನ ಕವರಿನ ನಡುವೆ ಬಿಚ್ಚಿಕೊಂಡ ಡೈಪರನ್ನು ಅವರು ಕೈಯಿಂದಲೇ ಎತ್ತಿಡಬೇಕು. ನನಗೆ ಎಲ್ಲಕ್ಕಿಂತ ಬೇಸರದ ವಿಷಯ ಇದು.

ಒದ್ದೆ ಬಟ್ಟೆ ಒಣಗುವುದು ಹೇಗೆ

ಪರಿಹಾರಕ್ಕೆ ಹೋಗುವ ಮೊದಲು ಬಟ್ಟೆ ಒಣಗುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬಿಸಿಲೇ ಬೇಕು ಅಂತ ನಾವು ಅಂದುಕೊಂಡಿದ್ದೇವೆ. ಬೇಕಿರುವುದು ನಿಜವಾಗಿ ಇನ್ನಷ್ಟು ನೀರಾವಿ ಹಿಡಿದುಕೊಳ್ಳಬಲ್ಲ ಗಾಳಿ. ಮಳೆಗಾಲದ ಗಾಳಿ ಆಗಲೇ ತುಂಬಿಕೊಂಡಿರುತ್ತದೆ. ತೇವಾಂಶ ಶೇಕಡಾ 95 ಇದ್ದಾಗ ಬಟ್ಟೆಯ ನೀರಿಗೆ ಗಾಳಿಯಲ್ಲಿ ಜಾಗವೇ ಇಲ್ಲ. ಜಗಲಿಯ ಹಗ್ಗದ ಮೇಲೆ ಎರಡು ದಿನ ನೇತಾಡಿದ ಬಟ್ಟೆ ಹಸಿಯಾಗೇ ಉಳಿದು ಮುಗ್ಗಲು ವಾಸನೆ ಹಿಡಿಯುವುದು ಅದಕ್ಕೇ.

ಅದೇ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಅದರ ಹಿಡಿತ ಹೆಚ್ಚುತ್ತದೆ. 22 ಡಿಗ್ರಿ ಇದ್ದ ಗಾಳಿ 32 ಡಿಗ್ರಿಗೆ ಏರಿದರೆ ಶೇಕಡಾ 95ರ ತೇವಾಂಶ ಸುಮಾರು ಶೇಕಡಾ 53ಕ್ಕೆ ಇಳಿಯುತ್ತದೆ. ಬರೀ ಹತ್ತು ಡಿಗ್ರಿ. ಹಿಂದಿನವರು ಮಳೆಗಾಲದಲ್ಲಿ ಕೂಸಿನ ಬಟ್ಟೆಯನ್ನು ಬಚ್ಚಲಿನ ಹಂಡೆ ಒಲೆಯ ಮೇಲೆ ಗಳ ಕಟ್ಟಿ ಹರವುತ್ತಿದ್ದುದರ ಹಿಂದೆ ಇರುವುದು ಇದೇ ಲೆಕ್ಕ. ನೀರು ಕಾಯಿಸಲು ಬೆಳಗ್ಗೆ ಸಂಜೆ ಒಲೆ ಹೇಗೂ ಉರಿಯುತ್ತದೆ. ಆ ಶಾಖ ಸುಮ್ನೆ ಹೋಗುವ ಬದಲು ಬಟ್ಟೆ ಒಣಗಿಸುತ್ತದೆ. ಹಳೆ ಮನೆಯವರು ಇದನ್ನು ಇವತ್ತೂ ಮಾಡಬಹುದು. ಹೊಗೆ ಹೋಗುವ ಕೊಳವೆ ಇರುವ ಒಲೆಯಾದರೆ ಒಳ್ಳೆಯದು. ಬರೀ ಹತ್ತಿ ಬಟ್ಟೆಗಳನ್ನು ಮಾತ್ರ ಹಾಕಿ, ಬೆಂಕಿಯಿಂದ ಸಾಕಷ್ಟು ಮೇಲೆ ಹಾಕಿ.

ಒಂದು ಎಚ್ಚರ ಇಲ್ಲಿ ಹೇಳಲೇಬೇಕು. ಬಾಣಂತಿ ಕೋಣೆಯೊಳಗೆ ಅಗ್ಗಿಷ್ಟಿಕೆ ಇಟ್ಟು, ಅದರ ಮೇಲೆ ಬುಟ್ಟಿ ಬೋರಲು ಹಾಕಿ ಬಟ್ಟೆ ಒಣಗಿಸುವ ರೂಢಿ ಇದೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವವನ್ನೇ ತೆಗೆಯಬಲ್ಲದು. ತಾಯಿ ಮಗು ಮಲಗುವ ಕೋಣೆಯಲ್ಲಿ ಕೆಂಡ ಬೇಡವೇ ಬೇಡ.

ಒಲೆ ಇಲ್ಲದ ಮನೆಗೆ ಬೇರೆ ದಾರಿ ಇದೆ. ಮುಖ್ಯವಾದದ್ದು ನೀರನ್ನು ಮೊದಲೇ ಹಿಂಡಿ ತೆಗೆಯುವುದು. ಕೈಯಲ್ಲಿ ಎಷ್ಟು ಹಿಂಡಿದರೂ ಬಟ್ಟೆಯಲ್ಲಿ ಸಾಕಷ್ಟು ನೀರು ಉಳಿಯುತ್ತದೆ. ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಡ್ರೈಯರ್ ಡಬ್ಬಿಯಲ್ಲಿ ಐದು ನಿಮಿಷ ತಿರುಗಿಸಿದರೆ ಅದರಲ್ಲಿ ಬಹುಪಾಲು ಹೊರಗೆ ಬರುತ್ತದೆ, ಕರೆಂಟೂ ಜಾಸ್ತಿ ಬೇಡ. ಮೆಷಿನ್ ಇಲ್ಲದವರು ಒಗೆದ ಬಟ್ಟೆಯನ್ನು ಒಣ ಟವೆಲಿನಲ್ಲಿ ಸುತ್ತಿ ಇಬ್ಬರು ಎರಡು ಕಡೆ ಹಿಡಿದು ತಿರುಚಬಹುದು. ಆಮೇಲೆ ಫ್ಯಾನಿನ ಕೆಳಗೆ ಹರವಿದರೆ ತೆಳು ಬಟ್ಟೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಕೊನೆಗೆ ಉಳಿಯುವ ಸಣ್ಣ ಹಸಿಗೆ ಇಸ್ತ್ರಿ ಪೆಟ್ಟಿಗೆ ಸಾಕು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲದ ಊರಲ್ಲಿ ಕರೆಂಟು ಇದ್ದಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ತೋಟದ ಮನೆಯವರಿಗೆ ಇನ್ನೊಂದು ಅನುಕೂಲ ಇದೆ. ಅಡಿಕೆ ಒಣಗಿಸಲು ಈಗ ಹಲವರು ಅಂಗಳಕ್ಕೆ ಪಾರದರ್ಶಕ ಶೀಟು ಹೊದಿಸಿರುತ್ತಾರೆ. ಕೊಯ್ಲು ಶುರುವಾಗುವುದು ಮಳೆ ಕಳೆದ ಮೇಲೆ. ಜೂನ್‌ನಿಂದ ಆಗಸ್ಟ್‌ವರೆಗೆ ಆ ಜಾಗ ಖಾಲಿ. ಮೋಡದ ದಿನವೂ ಅದರೊಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ. ಎರಡು ಕಡೆ ಗಾಳಿಯಾಡಲು ಬಿಟ್ಟು ಅಲ್ಲಿ ಹಗ್ಗ ಕಟ್ಟಿದರೆ ಸಾಕು.

ಯಾವ ಬಟ್ಟೆ

ಒಣಗುವ ಲೆಕ್ಕ ಗೊತ್ತಾದ ಮೇಲೆ ಆಯ್ಕೆ ಸುಲಭ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಬಟ್ಟೆ ಡೈಪರ್ ಹೆಸರಲ್ಲಿ ಸಿಗುವುದು ಹಲವು ಬಗೆ. ಅವುಗಳ ವ್ಯತ್ಯಾಸ ಇರುವುದು ಪದರಗಳಲ್ಲಿ.

ಎಲ್ಲಕ್ಕಿಂತ ಸರಳವಾದದ್ದು ಚೌಕ ಬಟ್ಟೆ. ಮುಕ್ಕಾಲು ಮೀಟರಿನಷ್ಟು ಉದ್ದಗಲದ ತೆಳು ಹತ್ತಿ ಬಟ್ಟೆ. ಮೂರು ಸಲ ಮಡಚಿದರೆ ಎಂಟು ಪದರ, ಬಿಚ್ಚಿದರೆ ಒಂದೇ ಪದರ. ಕಟ್ಟುವಾಗ ಎಂಟು ಪದರ ಹೀರುತ್ತದೆ, ಒಣಗುವಾಗ ಒಂದೇ ಪದರ ಒಣಗಿದರೆ ಸಾಕು. ಮಲೆನಾಡಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಅಜ್ಜಿಯಂದಿರು ಹಳೆ ಪಂಚೆ, ಹಳೆ ಕಾಟನ್ ಸೀರೆ ಹರಿದು ಮಾಡುತ್ತಿದ್ದ ಲಂಗೋಟಿಯೂ ಇದೇ. ಹತ್ತಾರು ವರ್ಷ ಒಗೆದು ಮೆತ್ತಗಾದ ಬಟ್ಟೆ ಹೊಸದಕ್ಕಿಂತ ಚೆನ್ನಾಗಿ ಹೀರುತ್ತದೆ. ಒಂದು ಮಾತು: ಸೀರೆ ನಿಜಕ್ಕೂ ಹತ್ತಿಯದ್ದೇ ಆಗಿರಬೇಕು. ಒಂದು ಹನಿ ನೀರು ಹಾಕಿ ನೋಡಿ. ತಕ್ಷಣ ಇಂಗಿದರೆ ಸರಿ. ಮೇಲೆ ಮಣಿಯಂತೆ ನಿಂತರೆ ಅದರಲ್ಲಿ ಪಾಲಿಯೆಸ್ಟರ್ ಬೆರೆತಿರಬಹುದು, ಬೇಡ.

ಹಿಂದೆ ಲಂಗೋಟಿಯ ದೊಡ್ಡ ತೊಂದರೆ ಅಂದರೆ ಎತ್ತಿಕೊಂಡವರ ಮಡಿಲೂ ಒದ್ದೆ, ಹಾಸಿಗೆಯೂ ಒದ್ದೆ. ಅದಕ್ಕೆ ಈಗ ಒಳ್ಳೆಯ ಪರಿಹಾರ ಇದೆ. ಮೇಲೆ ತೊಡಿಸುವ ಕವರ್. ಇದು ಪಿಯುಎಲ್ ಬಟ್ಟೆಯದ್ದು, ಅಂದರೆ ಒಳಬದಿಗೆ ಪಾಲಿಯುರೆಥೇನಿನ ತೆಳು ಪೊರೆ ಅಂಟಿಸಿದ ಪಾಲಿಯೆಸ್ಟರ್. ನೀರು ಹೊರಗೆ ಬಿಡುವುದಿಲ್ಲ, ಹಳೆ ಕಾಲದ ಪ್ಲಾಸ್ಟಿಕ್ ಚಡ್ಡಿಯಷ್ಟು ಸೆಕೆಯೂ ಮಾಡುವುದಿಲ್ಲ. ಗುಂಡಿಗಳಿಂದ ಅಳತೆ ದೊಡ್ಡದು ಸಣ್ಣದು ಮಾಡಬಹುದು. ಬರೀ ಉಚ್ಚೆ ಆಗಿದ್ದರೆ ಒಳಗಿನ ಬಟ್ಟೆ ಬದಲಿಸಿ, ಕವರನ್ನು ಒರೆಸಿ ಮತ್ತೆ ಅದನ್ನೇ ಹಾಕಬಹುದು. ಕವರ್ ನೀರು ಹೀರದ ಕಾರಣ ಮಳೆಗಾಲದಲ್ಲೂ ಬೇಗ ಒಣಗುತ್ತದೆ. ಇದರಲ್ಲೂ ಪ್ಲಾಸ್ಟಿಕ್ ಇದೆ ನಿಜ. ಆದರೆ ನಾಲ್ಕೈದು ಕವರ್ ಎರಡು ವರ್ಷ ಬರುತ್ತವೆ, ತಮ್ಮನಿಗೋ ತಂಗಿಗೋ ಸಹ ಆಗುತ್ತವೆ.

ಪಾಕೆಟ್ ಡೈಪರ್ ಎಂಬುದು ಚೀಲದಂತೆ ಬಾಯಿ ಇರುವ ಬಗೆ. ಒಳಗೆ ಹೀರುವ ಪಟ್ಟಿ ತೂರಿಸಬೇಕು. ಒಗೆಯುವಾಗ ಪಟ್ಟಿ ಹೊರಗೆ ಬರುವುದರಿಂದ ಪರವಾಗಿಲ್ಲ, ಒಣಗುತ್ತದೆ. ಆದರೆ ಎಲ್ಲ ಪದರ ಒಂದೇ ಕಡೆ ಹೊಲಿದಿರುವ ದಪ್ಪ ಡೈಪರ್ ಬರುತ್ತದಲ್ಲ, ನೋಡಲು ಬಿಸಾಡುವ ಡೈಪರಿನಂತೆಯೇ ಇರುತ್ತದೆ, ಹಾಕಲೂ ಸುಲಭ. ಅದು ಬೇಸಿಗೆಗೆ ಸರಿ. ಜುಲೈನಲ್ಲಿ ಹೊರಗೆ ಒಣಗಿದಂತೆ ಕಂಡರೂ ಹೊಲಿಗೆಯ ಒಳಗೆ ಹಸಿ ಉಳಿಯುತ್ತದೆ, ಬೂಷ್ಟು ಹಿಡಿಯುತ್ತದೆ.

ಪಟ್ಟಿಯ ನಾರಿನ ಬಗ್ಗೆಯೂ ಸ್ವಲ್ಪ. ಮೈಕ್ರೋಫೈಬರ್ ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಆದರೆ ಒತ್ತಿದರೆ ನೀರು ಬಿಟ್ಟುಬಿಡುತ್ತದೆ, ನೇರವಾಗಿ ಚರ್ಮಕ್ಕೆ ತಾಗಿಸಬಾರದು, ಚರ್ಮದ ತೇವವನ್ನೂ ಎಳೆದು ಒರಟು ಮಾಡುತ್ತದೆ. ಸೆಣಬಿನಂಥ ಗಿಡದ ನಾರು ಹೆಂಪ್ ತುಂಬಾ ಹೀರುತ್ತದೆ, ಒಣಗಲು ತುಂಬಾ ಹೊತ್ತು ಬೇಕು. ಬಿದಿರಿನದ್ದು ಎಂದು ಮಾರುವ ಬಟ್ಟೆ ಬಹುತೇಕ ವಿಸ್ಕೋಸ್. ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ನಾರು. ಮೆತ್ತಗಿರುತ್ತದೆ, ಚೆನ್ನಾಗಿ ಹೀರುತ್ತದೆ, ಆದರೆ ಬಿದಿರು ಎಂಬ ಹೆಸರು ಕೇಳಿ ಇದು ಕಾಡಿನಿಂದ ಹಾಗೇ ಬಂದದ್ದು ಅಂದುಕೊಳ್ಳಬೇಡಿ. ಅದೂ ನಿಧಾನವಾಗಿಯೇ ಒಣಗುವುದು.

ಎಷ್ಟು ಬೇಕು? ಒಣಗಲು ಹಿಡಿಯುವ ದಿನಗಳಿಗೆ ಒಂದು ಸೇರಿಸಿ, ಬಂದದ್ದನ್ನು ದಿನಕ್ಕೆ ಬೇಕಾಗುವ ಬಟ್ಟೆಯ ಸಂಖ್ಯೆಯಿಂದ ಗುಣಿಸಿ. ಎಳೆಗೂಸಿಗೆ ದಿನಕ್ಕೆ ಹತ್ತು ಬಟ್ಟೆ, ಒಣಗಲು ಒಂದು ದಿನ ಎಂದರೆ 20 ಸಾಕು. ಎರಡು ದಿನ ಎಂದರೆ 30. ದಪ್ಪ ಡೈಪರ್ ಮೂರು ದಿನ ತೆಗೆದುಕೊಂಡರೆ 40 ಬೇಕಾಗುತ್ತದೆ. ಒಂದಕ್ಕೆ 400 ರೂಪಾಯಿ ಅಂದರೆ 16,000 ಆಯಿತು. ಬಟ್ಟೆ ಡೈಪರ್ ತಂದು ಒಂದು ತಿಂಗಳಲ್ಲಿ ಕೈಬಿಡುವವರು ಹೆಚ್ಚಾಗಿ ಈ ಲೆಕ್ಕದಲ್ಲೇ ಸಿಕ್ಕಿಬೀಳುವುದು. ಆರು ದಪ್ಪ ಡೈಪರ್ ತಂದಿರುತ್ತಾರೆ, ಮಳೆ ಬಂದಾಗ ಆರೂ ಹಗ್ಗದ ಮೇಲಿರುತ್ತವೆ.

ಒಗೆಯುವುದು

ಒದ್ದೆ ಬಟ್ಟೆಯನ್ನು ಬಕೆಟ್ಟಿನಲ್ಲಿ ನೀರು ತುಂಬಿ ಎರಡು ದಿನ ನೆನೆಸಿಡಬೇಡಿ. ಮೂತ್ರ ಅಮೋನಿಯಾ ಆಗಿ ವಾಸನೆ ಏಳುತ್ತದೆ, ಬಟ್ಟೆಯೂ ಹಾಳಾಗುತ್ತದೆ. ಮಗು ತೆವಳುವ ಮನೆಯಲ್ಲಿ ನೀರು ತುಂಬಿದ ಬಕೆಟ್ ಅಪಾಯ ಕೂಡ. ಆಗಿಂದಾಗಲೇ ಒಮ್ಮೆ ಜಾಲಿಸಿ ಹಿಂಡಿ, ಗಾಳಿಯಾಡುವ ಬುಟ್ಟಿಯಲ್ಲಿಟ್ಟು, ದಿನಕ್ಕೊಮ್ಮೆ ಎಲ್ಲ ಸೇರಿಸಿ ಒಗೆಯಿರಿ. ರಾತ್ರಿಯ ಬಟ್ಟೆಯನ್ನು ಬೆಳಗ್ಗೆ ಮರೆಯದೆ ಜಾಲಿಸಬೇಕು.

ಕಕ್ಕದ ಬಟ್ಟೆಯನ್ನು ಮೊದಲು ಪಾಯಿಖಾನೆಯಲ್ಲೇ ತೊಳೆಯಿರಿ. ಎದೆಹಾಲು ಮಾತ್ರ ಕುಡಿಯುವ ಕೂಸಿನದು ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತದೆ, ಅನ್ನ ತಿನ್ನಲು ಶುರುಮಾಡಿದ ಮೇಲೆ ಗಟ್ಟಿಯಾಗುತ್ತದೆ, ಕೊಡವಿದರೆ ಬೀಳುತ್ತದೆ. ಮೊದಲ ನೀರು ಪಾಯಿಖಾನೆ ಗುಂಡಿಗೇ ಹೋಗಬೇಕು. ತೋಟದ ಕಾಲುವೆಗೆ, ಬಾವಿ ಪಕ್ಕದ ಒಗೆಯುವ ಕಲ್ಲಿಗೆ, ಹಳ್ಳಕ್ಕೆ ಬೇಡ. ಡೈಪರ್ ಹಳ್ಳಕ್ಕೆ ಎಸೆಯಬಾರದು ಎನ್ನುವವರು ಕಕ್ಕದ ಬಟ್ಟೆಯನ್ನು ಅಲ್ಲೇ ಜಾಲಿಸಿದರೆ ಏನು ಬಂತು?

ಸಾಬೂನು ಪುಡಿ ಸಾಧಾರಣದ್ದು ಸಾಕು, ಆದರೆ ಸಾಕಷ್ಟು ಹಾಕಿ. ಅಂಟುವಾಳ ಕಾಯಿ ಬಳಸಿ ಎಂದು ಹಲವರು ಹೇಳುತ್ತಾರೆ. ಅಂಟುವಾಳದ ಬಗ್ಗೆ ನನಗೆ ಪ್ರೀತಿಯಿದೆ, ರೇಷ್ಮೆ ಸೀರೆಗೆ, ತಲೆಗೆ ಒಳ್ಳೆಯದು. ಮಲಮೂತ್ರದ ಬಟ್ಟೆಗೆ ಅದರ ಶಕ್ತಿ ಸಾಲುವುದಿಲ್ಲ. ಕಣ್ಣಿಗೆ ಶುಭ್ರವಾಗಿ ಕಂಡರೂ ಕೊಳೆ ಉಳಿದು, ಮತ್ತೆ ಒದ್ದೆಯಾದ ಕೂಡಲೇ ವಾಸನೆ ಬರುತ್ತದೆ. ಗುಡ್ಡದ ಅಬ್ಬಿ ನೀರು ಸಾಮಾನ್ಯವಾಗಿ ಮೆದು, ಕಡಿಮೆ ಪುಡಿಗೇ ನೊರೆ ಬರುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಪುಡಿ ಜಾಸ್ತಿ ಬೇಕು. ಕಂಫರ್ಟ್‌ನಂಥ ಮೆತ್ತಗಾಗಿಸುವ ದ್ರವ ಹಾಕಬೇಡಿ, ನಾರಿನ ಮೇಲೆ ಪೊರೆ ಕಟ್ಟಿ ಬಟ್ಟೆ ಹೀರುವುದನ್ನೇ ನಿಲ್ಲಿಸುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಅಭ್ಯಂಜನ ಮಾಡಿಸಿದ ಕೂಸಿಗೆ ಹಳೆ ಲಂಗೋಟಿಯನ್ನೇ ಕಟ್ಟಿ. ಎಣ್ಣೆ ಹಿಡಿದ ಹತ್ತಿ ಬಟ್ಟೆಯನ್ನು ಹಂಡೆಯ ಕುದಿಯುವ ನೀರಲ್ಲಿ ಹಾಕಿ ತೆಗೆದರೆ ಸರಿಯಾಗುತ್ತದೆ, ಪಾಕೆಟ್ ಡೈಪರಿನ ಒಳಗಿನ ಪಾಲಿಯೆಸ್ಟರ್ ಪದರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಕವರನ್ನು ಮಾತ್ರ ಕುದಿಸಬಾರದು, ಪೊರೆ ಬಿಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ನೀರು, ಸಾಬೂನು ಬಳಸಿದರೆ ಪರಿಸರಕ್ಕೆ ಉಳಿದದ್ದೇನು ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಬ್ರಿಟನ್‌ನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಇದನ್ನು ಲೆಕ್ಕ ಹಾಕಿತು. ಮಗುವಿನ ಮೊದಲ ಎರಡೂವರೆ ವರ್ಷಕ್ಕೆ ಬಿಸಾಡುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಹೊರೆ, ಬಟ್ಟೆಯದ್ದು ಸರಾಸರಿ 570 ಕಿಲೋ. ಬಟ್ಟೆಯದ್ದೇ ಜಾಸ್ತಿ! ಕಾರಣ ಬಿಸಿನೀರಿನಲ್ಲಿ ಒಗೆಯುವುದು, ಯಂತ್ರದಲ್ಲಿ ಒಣಗಿಸುವುದು. ಹಗ್ಗದ ಮೇಲೆ ಒಣಗಿಸಿ, ಮೆಷಿನ್ ತುಂಬಿಸಿ ಒಗೆದು, ಎರಡನೇ ಮಗುವಿಗೂ ಅದೇ ಬಟ್ಟೆ ಬಳಸಿದರೆ ಈ ಹೊರೆ ಶೇಕಡಾ 40ರಷ್ಟು ಇಳಿಯುತ್ತದೆ ಎಂದೂ ಅದೇ ವರದಿ ಹೇಳಿತು. 2023ರಲ್ಲಿ ಬ್ರಿಟನ್ ಸರ್ಕಾರ ಹೊಸದಾಗಿ ಲೆಕ್ಕ ಹಾಕಿಸಿದಾಗ ಬಟ್ಟೆಯ ಹೊರೆ ಬಿಸಾಡುವುದಕ್ಕಿಂತ ಶೇಕಡಾ 25 ಕಡಿಮೆ ಬಂತು. ನಾವು ತಣ್ಣೀರಲ್ಲಿ ಒಗೆಯುವವರು, ಹಗ್ಗಕ್ಕೆ ಹಾಕುವವರು, ಅಕ್ಕನ ಮಗುವಿನ ಬಟ್ಟೆ ತಂಗಿಯ ಮಗುವಿಗೆ ಕೊಡುವವರು. ಲೆಕ್ಕ ನಮ್ಮ ಕಡೆಗೇ ಇದೆ. ಬಟ್ಟೆ ಒಣಗಿಸಲೆಂದೇ ಪ್ರತ್ಯೇಕವಾಗಿ ಸೌದೆ ಉರಿಸಿದರೆ ಮಾತ್ರ ಅದು ತಲೆಕೆಳಗಾಗುತ್ತದೆ.

ಏನೂ ಕಟ್ಟದೆ

ಡೈಪರೂ ಬೇಡ, ಬಟ್ಟೆಯೂ ಕಡಿಮೆ ಸಾಕು ಎನ್ನುವ ದಾರಿಯೊಂದು ನಮ್ಮ ಮನೆಗಳಲ್ಲೇ ಇದೆ. ಅಜ್ಜಿ ಕಾಲು ಚಾಚಿ ಕೂತು, ಪಾದಗಳ ನಡುವೆ ಕೂಸನ್ನು ಕೂರಿಸಿ, ಸ್ಸ್‌ ಎಂದು ಸದ್ದು ಮಾಡುತ್ತಾಳೆ. ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದು ಸ್ವಲ್ಪ ಹೊತ್ತಿಗೆ ಹೀಗೆ ಹಿಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಹಾಲು ಹೊಟ್ಟೆಗೆ ಬಿದ್ದಾಗ ಕರುಳು ಚುರುಕಾಗುವುದು ಸಹಜ ಕ್ರಿಯೆ, ಆ ಹೊತ್ತನ್ನು ಅಜ್ಜಿ ಬಳಸಿಕೊಳ್ಳುತ್ತಾಳೆ. ಮಗು ಕ್ರಮೇಣ ಸದ್ದಿಗೂ ಆ ಭಂಗಿಗೂ ಹೊಂದಿಕೊಳ್ಳುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನೇ ಈಗ ಪುಸ್ತಕ ಓದಿ ಕಲಿಯುವವರಿದ್ದಾರೆ. ದಿನಕ್ಕೆ ಎರಡು ಸಲ ಇದು ಫಲಿಸಿದರೂ ಎರಡು ಕಕ್ಕದ ಬಟ್ಟೆ ತೊಳೆಯುವುದು ತಪ್ಪಿತು. ಗದರಿಸಬಾರದು, ಬಲವಂತ ಮಾಡಬಾರದು, ಅಷ್ಟೇ.

ಮಗು ಓಡಾಡಲು ಶುರುಮಾಡಿದ ಮೇಲೆ ಹಗಲು ಬರೀ ಚಡ್ಡಿಯಲ್ಲೇ ಬಿಡಬಹುದು. ಹಳೆ ಮನೆಯ ಕೆಂಪು ನೆಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಒರೆಸಿದರೆ ಆಯಿತು, ಮಗು ಜಾರದ ಹಾಗೆ ಬೇಗ ಒರೆಸಬೇಕು. ಒದ್ದೆಯಾದದ್ದು ಮೈಗೆ ಗೊತ್ತಾದರೆ ಮಗು ಹೇಳಲು ಬೇಗ ಕಲಿಯುತ್ತದೆ. ಬಿಸಾಡುವ ಡೈಪರ್ ಆ ಒದ್ದೆಯನ್ನೇ ಮರೆಮಾಚುತ್ತದೆ. ಹಾಸಿಗೆಗೆ ರಬ್ಬರ್ ಶೀಟು ಇಲ್ಲವೇ ಈಗ ಸಿಗುವ ಡ್ರೈ ಶೀಟು ಹಾಕಿ, ಮೇಲೆ ಹತ್ತಿ ಬಟ್ಟೆ ಹರವಿದರೆ ಮಧ್ಯಾಹ್ನದ ನಿದ್ದೆಗೂ ಏನೂ ಕಟ್ಟಬೇಕಿಲ್ಲ.

ಚರ್ಮದ ವಿಷಯದಲ್ಲಿ ಬಟ್ಟೆಯೇ ಮೇಲು ಎಂದು ಸಾರಾಸಗಟು ಹೇಳಲು ನಾನು ತಯಾರಿಲ್ಲ. ದದ್ದು ಏಳುವುದು ತೇವದಿಂದ, ಉಜ್ಜುವುದರಿಂದ, ಮಲಮೂತ್ರ ಬೆರೆತು ಚರ್ಮವನ್ನು ಸುಡುವುದರಿಂದ. ಬಟ್ಟೆಯನ್ನು ಎರಡು ಮೂರು ಗಂಟೆಗೊಮ್ಮೆ, ಕಕ್ಕವಾದರೆ ತಕ್ಷಣ ಬದಲಿಸಲೇಬೇಕು. ಅರೆ ಒಣಗಿದ್ದನ್ನು ಕಟ್ಟುವುದು ಎಲ್ಲಕ್ಕಿಂತ ಕೆಟ್ಟದ್ದು. ಕೆಂಪು ಜಾಸ್ತಿಯಾಗಿ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು, ಮನೆಮದ್ದು ಬಿಟ್ಟು ಡಾಕ್ಟರಿಗೆ ತೋರಿಸಿ.

ಮಣ್ಣಲ್ಲಿ ಕೊಳೆಯುತ್ತದೆ ಎಂದು ಹೇಳಿಕೊಂಡು ಬರುವ ದುಬಾರಿ ಡೈಪರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನ ಪದರ ಬಿದಿರಿನ ನಾರು, ಹೊರ ಪದರ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಪ್ಲಾಸ್ಟಿಕ್ ಇರಬಹುದು, ಒಳಗಿನ ಹೀರುವ ಹರಳು ಹೆಚ್ಚಿನವುಗಳಲ್ಲಿ ಅದೇ ಹಳೆಯದು. ಮೆಕ್ಕೆಜೋಳದ ಪ್ಲಾಸ್ಟಿಕ್ಕಿಗೂ ಕೊಳೆಯಲು ದೊಡ್ಡ ಕಾಂಪೋಸ್ಟ್ ಘಟಕದ ಬಿಸಿ ಬೇಕು. ನಮ್ಮ ಗೊಬ್ಬರದ ಗುಂಡಿಯಲ್ಲಿ ಅದು ಹಾಗೇ ಬಿದ್ದಿರುತ್ತದೆ.

ಇನ್ನು ಕೆಲಸ ಯಾರದ್ದು? ಬಟ್ಟೆ ಡೈಪರ್ ಅಂದರೆ ದಿನವೂ ಒಗೆಯುವ ಕೆಲಸ. ಅದನ್ನು ಬಾಣಂತಿಯ ತಲೆಗೋ ಅವಳ ಅಮ್ಮನ ತಲೆಗೋ ಕಟ್ಟಿ ಪರಿಸರ ಉಳಿಸಿದೆವು ಎನ್ನುವುದು ನ್ಯಾಯವಲ್ಲ. ಮೆಷಿನ್ ತಿರುಗಿಸಲು, ಹಗ್ಗಕ್ಕೆ ಹಾಕಲು, ಮಡಚಿಡಲು ಅಪ್ಪನಿಗೂ ಬರುತ್ತದೆ. ಕೈ ಸಾಲದ ಮನೆಯವರು ಪೂರ್ತಿ ಬಟ್ಟೆಗೆ ಹೋಗಬೇಕಿಲ್ಲ. ಹಗಲು ಮನೆಯಲ್ಲಿ ಬಟ್ಟೆ, ರಾತ್ರಿಗೆ ಮತ್ತು ಘಾಟಿ ಇಳಿದು ಮಣಿಪಾಲಕ್ಕೋ, ಬಸ್ಸು ಹತ್ತಿ ಶಿವಮೊಗ್ಗಕ್ಕೋ ಹೋಗುವ ದಿನಕ್ಕೆ ಬಿಸಾಡುವುದು ಎಂದಿಟ್ಟುಕೊಂಡರೆ ದಿನಕ್ಕೆ ಐದಿದ್ದದ್ದು ಒಂದಕ್ಕೆ ಇಳಿಯುತ್ತದೆ. ಎರಡೂವರೆ ವರ್ಷದಲ್ಲಿ 3,600ಕ್ಕೂ ಜಾಸ್ತಿ ಡೈಪರ್ ಉಳಿಯಿತು.

ಆ ಒಂದನ್ನು ಎಸೆಯುವಾಗ ಕಕ್ಕವನ್ನು ಪಾಯಿಖಾನೆಗೆ ಹಾಕಿ, ಡೈಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಹಳೆ ಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಸುತ್ತಿ ಎಸೆಯಲು ಚೀಲವನ್ನು ತಯಾರಕರೇ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇತ್ತು. ಪ್ಯಾಕೆಟ್ಟಿನಲ್ಲಿ ಅದು ಇಲ್ಲದಿದ್ದರೆ ಕೇಳಿ ನೋಡಿ. ಗಾಡಿ ಬಾರದ ಮನೆಯವರು ಒಂದು ಚೀಲದಲ್ಲಿ ಕೂಡಿಟ್ಟು, ಪೇಟೆಗೆ ಹೋಗುವಾಗ ಪಂಚಾಯಿತಿಯ ಕಸದ ಘಟಕಕ್ಕೆ ತಲುಪಿಸಿ.

ಹೆರಿಗೆಯ ದಿನ ಹತ್ತಿರ ಇರುವವರು ತಿಂಗಳು ನೋಡಿಕೊಂಡು ತಯಾರಿ ಮಾಡಿಕೊಳ್ಳಿ. ಕಾರ್ತಿಕ, ಮಾಗಿಯಲ್ಲಿ ಹುಟ್ಟುವ ಮಗುವಿಗೆ 20 ಚೌಕ ಬಟ್ಟೆ, ನಾಲ್ಕು ಕವರ್ ಸಾಕು. ಮಳೆ ಬರುವಷ್ಟರಲ್ಲಿ ಮಗುವಿಗೆ ಐದರಿಂದ ಎಂಟು ತಿಂಗಳಾಗಿ ಒದ್ದೆ ಮಾಡುವುದೂ ಕಡಿಮೆಯಾಗಿರುತ್ತದೆ. ಮೇ, ಜೂನ್‌ನಲ್ಲಿ ಹುಟ್ಟುವ ಮಗುವಿಗೆ 30 ಬಟ್ಟೆ, ಆರು ಕವರ್ ಇರಲಿ. ಮೊದಲ ಕೆಲವು ವಾರ ತೊಟ್ಟಿಲಲ್ಲೇ ಇರುವ ಕೂಸಿಗೆ ಕವರ್ ಕೂಡ ಬೇಡ, ಬರೀ ಲಂಗೋಟಿ ಸಾಕು. ಹೊಸ ಬಟ್ಟೆ ತಂದಿದ್ದರೆ ಏಪ್ರಿಲ್‌ನ ಬಿಸಿಲಿರುವಾಗಲೇ ನಾಲ್ಕೈದು ಸಲ ಒಗೆದು ಒಣಗಿಸಿಡಿ. ಹೊಸ ಹತ್ತಿಯಲ್ಲಿ ಗಂಜಿ, ಎಣ್ಣೆಯ ಅಂಶ ಇರುತ್ತದೆ, ಅದು ಹೋದ ಮೇಲೆಯೇ ಬಟ್ಟೆ ಸರಿಯಾಗಿ ಹೀರಲು ಶುರುಮಾಡುವುದು.